ನೂರು ಗಜದ ಕಾಡು



'ಕುಮ್ಮಕ್ಕು' ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಒಬ್ಬನ ಬೆನ್ನ ಹಿಂದೆ ನಿಂತು ಕೊಡುವ ನೆರವಿಗೆ ಕುಮ್ಮಕ್ಕು ಎನ್ನುತ್ತೇವೆ. ಪಾರ್ಸಿಯ ಮೂಲಕ ನಮ್ಮಲ್ಲಿಗೆ ಬಂದ ಇದೇ ಮಾತಿನಿಂದ ದಕ್ಷಿಣ ಕನ್ನಡದ ಕಂದಾಯ ದಾಖಲೆಗಳಲ್ಲಿ ಇನ್ನೊಂದು ಪದ ನೆಲೆಗೊಂಡಿದೆ. ಅದೇ 'ಕುಮ್ಕಿ'. ಹಳೆಯ ಕೃಷಿ ಹಿಡುವಳಿಯ ಅಂಚಿನಿಂದ ನೂರು ಗಜದ ದೂರದವರೆಗಿನ ಸರ್ಕಾರಿ ಭೂಮಿಗೆ ಈ ಹೆಸರು. ಭೂಮಿ ಸರ್ಕಾರದ್ದು, ಅಲ್ಲಿನ ಸೊಪ್ಪು, ಸೌದೆ ಮತ್ತು ಮೇವನ್ನು ಬಳಸುವ ಸೌಲಭ್ಯ ಪಕ್ಕದ ಕೃಷಿಕನದು. ಕೃಷಿಗೆ ಕಾಡು ಕೊಡುವ ಕುಮ್ಮಕ್ಕು ಅದು.

ಮನುಷ್ಯನ ಭೂಬಳಕೆ ಮತ್ತು ಜೀವವೈವಿಧ್ಯದ ರಕ್ಷಣೆ ಇವೆರಡನ್ನು ಒಟ್ಟಿಗೆ ಸಾಗಿಸುವುದು ಹೇಗೆ ಎಂಬ ಪ್ರಶ್ನೆ ಇಂದು ಜಗತ್ತಿನಾದ್ಯಂತ ಚರ್ಚೆಯಲ್ಲಿದೆ. ಹವಾಮಾನವೂ ಬದಲಾಗುತ್ತಿರುವುದರಿಂದ ಈ ಪ್ರಶ್ನೆ ಇನ್ನಷ್ಟು ತುರ್ತಿನದಾಗಿದೆ. ಇದಕ್ಕೆ ಉತ್ತರವನ್ನು ಹುಡುಕುತ್ತಾ ದೂರದ ದೇಶಗಳಿಗೆ ಹೋಗುವ ಮೊದಲು ಪುತ್ತೂರು, ಸುಳ್ಯ ಮತ್ತು ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕಾದ ಕಡಬದ ಈ ನೂರು ಗಜದ ಕಥೆಯನ್ನು ಒಮ್ಮೆ ನೋಡೋಣ. ಪಾಠಪುಸ್ತಕಗಳಲ್ಲಿ ಇದಕ್ಕೆ ಹೆಚ್ಚಿನ ಸ್ಥಳ ಸಿಕ್ಕಿಲ್ಲ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ತೋಟ ಮತ್ತು ಕಾಡಿನ ನಡುವೆ ಇದ್ದ ಒಪ್ಪಂದ ಹೇಗೆ ಹುಟ್ಟಿತು, ಹೇಗೆ ಸಡಿಲವಾಯಿತು ಎಂಬುದನ್ನು ಇದರಲ್ಲಿ ಸ್ಪಷ್ಟವಾಗಿ ಕಾಣಬಹುದು.

ನೆಲದ ಮೆಟ್ಟಿಲುಗಳು

ಮೊದಲು ಈ ಸೀಮೆಯ ಭೂರಚನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪೂರ್ವದಲ್ಲಿ ಪಶ್ಚಿಮ ಘಟ್ಟದ ಗೋಡೆ. ಅದರಲ್ಲಿ 1,712 ಮೀಟರ್ ಎತ್ತರದ ಕುಮಾರ ಪರ್ವತ. ಆ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮಾರಧಾರಾ ನದಿ ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ದಕ್ಷಿಣದಲ್ಲಿ ಪಯಸ್ವಿನಿ ಸುಳ್ಯದ ಮೂಲಕ ಕಾಸರಗೋಡಿನತ್ತ ಹರಿಯುತ್ತದೆ. ಘಟ್ಟದ ಬುಡದಿಂದ ಪಶ್ಚಿಮಕ್ಕೆ ಮುರಕಲ್ಲಿನ ಗುಡ್ಡೆಗಳು, ಅವುಗಳ ನಡುವೆ ಕಿರಿದಾದ ಕಣಿವೆಗಳು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಉಳಿದ ಎಂಟು ತಿಂಗಳ ನೀರು ಗುಡ್ಡೆಯ ಹೊಟ್ಟೆಯಿಂದ ಒಸರಿ ಬರಬೇಕು.

ಈ ನೆಲವನ್ನು ನಮ್ಮ ಹಿರಿಯರು ಮೆಟ್ಟಿಲುಗಳಂತೆ ಗುರುತಿಸಿದ್ದರು. ಕಣಿವೆಯ ತಳದ, ನೀರು ಹೆಚ್ಚು ನಿಲ್ಲುವ ಗದ್ದೆ ಬೈಲು. ಅದರ ಮೇಲೆ ಎರಡು ಬೆಳೆಯ ಮಜಲು. ಅದಕ್ಕೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು. ಕಣಿವೆಯ ನೆರಳಿನಲ್ಲಿ ಅಡಿಕೆ ತೋಟ, ಅದರ ಅಂಚಿನಲ್ಲಿ ಮನೆ. ಮನೆಯ ಹಿಂದಿನ ಇಳಿಜಾರಿನಲ್ಲಿ ಮರಗಿಡಗಳ ಗುಡ್ಡೆ. ಈ ಗುಡ್ಡೆಯ ಇಳಿಜಾರೇ ಹೆಚ್ಚಿನ ಕಡೆಗಳಲ್ಲಿ ಕುಮ್ಕಿ.

ತೋಟಕ್ಕೆ ಗುಡ್ಡೆಯ ಅಗತ್ಯ ಎಷ್ಟಿತ್ತು? ಒಂದು ಸಣ್ಣ ಲೆಕ್ಕ ಮಾಡೋಣ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ ಗೊಬ್ಬರ, 12 ಕಿಲೋ ಕಾಂಪೋಸ್ಟ್ ಬೇಕು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳಾಗುತ್ತವೆ. ಅಂದರೆ ಒಂದು ಎಕರೆ ತೋಟಕ್ಕೆ ವರ್ಷಕ್ಕೆ 6,600 ಕಿಲೋ ಹಸಿರು ಸೊಪ್ಪು! ದನಗಳ ಹಟ್ಟಿಗೆ ಹಾಸುವ ಸೊಪ್ಪು, ಒಲೆಯ ಸೌದೆ, ದನಗಳ ಮೇವು ಇವೆಲ್ಲ ಬೇರೆ. ಇಷ್ಟೆಲ್ಲ ಬರುತ್ತಿದ್ದುದು ಮೇಲಿನ ಇಳಿಜಾರಿನಿಂದ. ಹೀಗೆ ಪ್ರತಿ ಅಡಿಕೆ ತೋಟವೂ ಪಕ್ಕದ ಕಾಡಿನ ಸಾಲಗಾರನಾಗಿತ್ತು.

ಎಲೆಯ ಲೆಕ್ಕ, ಹಾಳೆಯ ಲೆಕ್ಕ

1799ರಲ್ಲಿ ಟಿಪ್ಪು ಸುಲ್ತಾನನ ಮರಣದ ನಂತರ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಥಾಮಸ್ ಮನ್ರೋ ಅಲ್ಲಿನ ಮೊದಲ ಕಲೆಕ್ಟರನಾಗಿ ಬಂದು ಕಂದಾಯದ ವ್ಯವಸ್ಥೆಯನ್ನು ರೂಪಿಸಿದನು. ಇಲ್ಲಿ ಹಿಡುವಳಿಗೆ 'ವರ್ಗ' ಎಂದೂ ಹಿಡುವಳಿದಾರನಿಗೆ 'ವರ್ಗದಾರ' ಎಂದೂ ಹೆಸರು. ಈ ಪದದ ಮೂಲ ಅರಬ್ಬಿ ಭಾಷೆಯ 'ಎಲೆ' ಎಂಬರ್ಥದ ಮಾತು ಎನ್ನುತ್ತಾರೆ. ಎಲೆಯೆಂದರೆ ಇಲ್ಲಿ ಲೆಕ್ಕದ ಹಾಳೆ. ಕೃಷಿಕನಿಗೆ ಗುಡ್ಡೆಯ ಎಲೆ ಮುಖ್ಯ, ಸರ್ಕಾರಕ್ಕೆ ಲೆಕ್ಕದ ಎಲೆ ಮುಖ್ಯ. ಮುಂದಿನ ನೂರೈವತ್ತು ವರ್ಷಗಳ ಭೂ ಇತಿಹಾಸ ಈ ಎರಡರ ನಡುವೆ ನಡೆಯಿತು.

ಸುಳ್ಯದ ಕಡೆಯ ಇತಿಹಾಸ ಸ್ವಲ್ಪ ಬೇರೆ. ಅಮರ ಸುಳ್ಯ ಮಾಗಣೆ ಕೊಡಗಿನ ಅರಸರ ಆಳ್ವಿಕೆಯಲ್ಲಿತ್ತು. 1834ರಲ್ಲಿ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡ ಮೇಲೆ ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. 1837ರ ಅಮರ ಸುಳ್ಯದ ರೈತ ದಂಗೆಗೆ ಇದೂ ಒಂದು ಪ್ರಮುಖ ಕಾರಣ. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಹೊರಟ ರೈತರ ದಂಡು ಮಂಗಳೂರಿನವರೆಗೂ ಹೋಗಿ ಬಾವುಟಗುಡ್ಡೆಯಲ್ಲಿ ತನ್ನ ಧ್ವಜವನ್ನು ಏರಿಸಿತು. ದಂಗೆಯನ್ನು ಸರ್ಕಾರ ಅಡಗಿಸಿತು, ನಗದು ಕಂದಾಯ ಉಳಿಯಿತು. ಕಂದಾಯ ನಗದಾದರೆ ಬೆಳೆದುದನ್ನು ಮಾರಲೇಬೇಕು. ಭೂಮಿ ಮತ್ತು ಮಾರುಕಟ್ಟೆಯ ನಂಟು ಬಿಗಿಯಾದುದು ಹೀಗೆ.

ಈಗ ಕಾಡಿನ ಕಡೆಗೆ ಬರೋಣ. ಹೆಸರಿನಲ್ಲಿ ಹತ್ತಿರವಿದ್ದರೂ ಕುಮ್ಕಿ ಬೇರೆ, ಕುಮರಿ ಬೇರೆ ಎಂಬುದನ್ನು ನೆನಪಿಡಿ. ಕುಮರಿ ಎಂದರೆ ಅಲೆಮಾರಿ ಬೇಸಾಯ. ಘಟ್ಟದ ಇಳಿಜಾರಿನಲ್ಲಿ ಒಂದು ತುಂಡು ಕಾಡನ್ನು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಅಥವಾ ಗುಡ್ಡದ ಭತ್ತ ಬಿತ್ತಿ, ಒಂದೆರಡು ಬೆಳೆ ತೆಗೆದ ಮೇಲೆ ವರ್ಷಗಟ್ಟಲೆ ಆ ನೆಲವನ್ನು ಬೀಳುಬಿಡುವ ಪದ್ಧತಿ. ಮಲೆಕುಡಿಯರಂತಹ ಕಾಡಿನ ಜನರಿಗೆ ಅದು ಜೀವನಾಧಾರ. ಆದರೆ ಆಗ ಹಡಗುಗಳಿಗೆ, ಬಳಿಕ ರೈಲುಮಾರ್ಗಗಳಿಗೆ ಮರ ಬೇಕಾಗಿತ್ತು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್ ಕುಮರಿಯನ್ನು ಕಟುವಾಗಿ ವಿರೋಧಿಸಿದನು. 1860ರಲ್ಲಿ ಸರ್ಕಾರ ವಿಶೇಷ ಅನುಮತಿಯಿಲ್ಲದೆ ಕುಮರಿ ಮಾಡಕೂಡದೆಂದು ಆಜ್ಞೆ ಹೊರಡಿಸಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. 1882ರ ಮದ್ರಾಸ್ ಅರಣ್ಯ ಕಾಯಿದೆಯ ನಂತರ ಘಟ್ಟದ ಕಾಡುಗಳನ್ನು ಮೀಸಲು ಅರಣ್ಯಗಳಾಗಿ ಗಡಿಕಲ್ಲು ಹಾಕಿ ಗುರುತಿಸಲಾಯಿತು.

ಇಲ್ಲಿ ಇತಿಹಾಸದ ಒಂದು ಸೂಕ್ಷ್ಮವನ್ನು ನೀವು ಗಮನಿಸಬೇಕು. ಕಾಡಿನ ಒಳಗಿದ್ದವನ ಕುಮರಿಯನ್ನು ಸರ್ಕಾರ ಕಿತ್ತುಕೊಂಡಿತು. ಕಣಿವೆಯಲ್ಲಿ ಕಂದಾಯ ಕಟ್ಟುತ್ತಿದ್ದವನಿಗೆ ಕುಮ್ಕಿಯನ್ನು ಉಳಿಸಿಕೊಟ್ಟಿತು. ತೋಟ ಸೊರಗಿದರೆ ಕಂದಾಯವೂ ಸೊರಗುತ್ತದೆ ಎಂಬುದು ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಕುಮ್ಕಿಯನ್ನು ಸಂಪೂರ್ಣ ನ್ಯಾಯದ ವ್ಯವಸ್ಥೆ ಎಂದು ಹೊಗಳಲು ಬರುವುದಿಲ್ಲ. ವರ್ಗವಿಲ್ಲದ ಭೂಹೀನನಿಗೆ ಅದರಲ್ಲಿ ಪಾಲಿರಲಿಲ್ಲ.

ನೂರು ಗಜ ಎಂದರೆ ಎಷ್ಟು?

ನೂರು ಗಜವೆಂದರೆ ಸುಮಾರು 91 ಮೀಟರ್. ಚೌಕಾಕಾರದ ಒಂದು ಎಕರೆ ಹಿಡುವಳಿಯ ಸುತ್ತಲೂ ಇಷ್ಟು ಅಗಲದ ಪಟ್ಟಿಯನ್ನು ಎಳೆದರೆ, ಆ ಪಟ್ಟಿಯ ವಿಸ್ತೀರ್ಣ ಸುಮಾರು 12 ಎಕರೆ ಆಗುತ್ತದೆ. ಗಣಿತದ ತರಗತಿಯಲ್ಲಿ ನೀವೇ ಇದನ್ನು ಮಾಡಿ ನೋಡಬಹುದು. ಅಕ್ಕಪಕ್ಕದಲ್ಲಿ ಬೇರೆಯವರ ವರ್ಗಗಳು ಇರುವುದರಿಂದ ನಿಜಸ್ಥಿತಿಯಲ್ಲಿ ಇಷ್ಟು ಸಿಗುತ್ತಿರಲಿಲ್ಲ. ಆದರೂ ಒಂದು ಎಕರೆ ತೋಟಕ್ಕೆ ಅದಕ್ಕಿಂತ ಹಲವು ಪಟ್ಟು ಕಾಡು ಬೇಕು ಎಂಬ ತಿಳಿವಳಿಕೆ ಇದರಲ್ಲಿತ್ತು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟುದೂ ಇದೇ ತಿಳಿವಳಿಕೆಯಿಂದ. ಕೊಡಗಿನ ಗದ್ದೆಗಳಿಗೆ ಬಾಣೆ ಇತ್ತು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಪ್ರಕರಣದಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ ಭೂಮಿಗಳನ್ನೂ ಉತ್ತರ ಕನ್ನಡದ ಬೆಟ್ಟ, ಹಾಡಿಗಳನ್ನೂ ಹಳೆ ಮೈಸೂರಿನ ಕಾನು, ಸೊಪ್ಪಿನ ಬೆಟ್ಟಗಳನ್ನೂ ಹೆಸರಿಸಿ, ಅವುಗಳ ಸೌಲಭ್ಯಗಳನ್ನು ಮುಂದುವರಿಸಲಾಗಿದೆ.

ಆದರೆ ಈ ಎಲ್ಲ ನಿಯಮಗಳಲ್ಲಿ ಒಂದು ಕೊರತೆ ಉಳಿದುಬಿಟ್ಟಿತು. ಕೃಷಿಕನು ಗುಡ್ಡೆಯಿಂದ ಏನನ್ನು ತೆಗೆದುಕೊಳ್ಳಬಹುದು ಎಂಬುದನ್ನು ನಿಯಮಗಳು ವಿವರವಾಗಿ ಹೇಳಿದವು. ಗುಡ್ಡೆಯಲ್ಲಿ ಏನನ್ನು ಉಳಿಸಬೇಕು ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಲಿಲ್ಲ. ಸೊಪ್ಪಿನ ಅಗತ್ಯ ಇರುವವರೆಗೆ ಇದರಿಂದ ದೊಡ್ಡ ತೊಂದರೆಯಾಗಲಿಲ್ಲ. ಮರ ಉಳಿದರಷ್ಟೇ ಸೊಪ್ಪು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಅಗತ್ಯ ಕಡಿಮೆಯಾದಾಗ ಏನಾಯಿತು?

ಗುಡ್ಡೆ ಭೂಮಿಯಾದ ಕಾಲ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ಬದಲಾವಣೆಗಳು ಒಟ್ಟಿಗೆ ಬಂದವು. ಚೀಲದ ಗೊಬ್ಬರ ಬಂದಿತು, ಸೊಪ್ಪು ಹೊರುವ ಕೆಲಸ ಇಳಿಯಿತು. 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯಿಂದ ಗೇಣಿದಾರರು ಭೂಮಾಲೀಕರಾದರು. ದಕ್ಷಿಣ ಕನ್ನಡದ ಸಾಮಾಜಿಕ ಇತಿಹಾಸದಲ್ಲಿ ಇದೊಂದು ಮಹತ್ವದ ತಿರುವು. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೋ ಸಹಕಾರ ಸಂಸ್ಥೆ ಹುಟ್ಟಿತು. ತೋಟದೊಳಗೆ ಉಪಬೆಳೆಯಾಗಿ ಬೆಳೆದ ಕೊಕ್ಕೋಗೆ ನೆಲೆ ಒದಗಿಸಲು 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ರೈತನಿಗೆ ಬೆಲೆಯ ಭರವಸೆ ಬಂದಂತೆ ಗದ್ದೆಗಳು ತೋಟಗಳಾದವು. ತೋಟ ಕಣಿವೆಯಿಂದ ಗುಡ್ಡೆಯ ಕಡೆಗೆ ಏರತೊಡಗಿತು. ಕೊಳವೆಬಾವಿ ಮತ್ತು ಪಂಪ್ ಬಂದ ಮೇಲೆ ಗುಡ್ಡೆಯ ತಲೆಯಲ್ಲೂ ಅಡಿಕೆ ಬೆಳೆಯಬಹುದಾಯಿತು.

ಇದೇ ಕಾಲದಲ್ಲಿ ರಬ್ಬರ್ ವ್ಯಾಪಕವಾಗಿ ಬಂದಿತು. ಇದರ ಹಿಂದೆ ಒಂದು ಅಂತರರಾಷ್ಟ್ರೀಯ ಕಥೆಯೂ ಇದೆ. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಹಾಗೂ ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದರಂತೆ ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ 5,25,000 ಜನರನ್ನು ಭಾರತವು ಬರಮಾಡಿಕೊಳ್ಳಬೇಕಾಗಿತ್ತು. ಅವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗಗಳಲ್ಲಿ ನೆಲೆ ಕಲ್ಪಿಸಲಾಯಿತು. ಅರಣ್ಯ ಭೂಮಿಯಲ್ಲಿ ಅವರಿಗಾಗಿ ರಬ್ಬರ್ ತೋಟಗಳನ್ನು ಎಬ್ಬಿಸಲಾಯಿತು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆಡಳಿತದಲ್ಲಿ ಈ ತೋಟಗಳು ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ ಹರಡಿಕೊಂಡವು. ಎರಡು ದೇಶಗಳ ನಡುವೆ ನೆಲೆ ಕಳೆದುಕೊಂಡ ಜನರಿಗೆ ಉದ್ಯೋಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಹಲವು ಬಗೆಯ ಮರಗಳಿದ್ದ ಕಾಡು ಒಂದೇ ಬಗೆಯ ಮರದ ತೋಪಾದುದೂ ಸಣ್ಣ ಸಂಗತಿಯಲ್ಲ. ಭೂಬಳಕೆಯ ಪ್ರಶ್ನೆ ಎಷ್ಟು ಜಟಿಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸರ್ಕಾರಿ ಭೂಮಿಯ ಗುಡ್ಡೆಗಳಲ್ಲಿ ಗೇರು ಕೂಡ ಹಬ್ಬಿತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಈ ಮರಕ್ಕೆ ಮುರಕಲ್ಲಿನ ಗುಡ್ಡೆ ಚೆನ್ನಾಗಿ ಒಗ್ಗಿತು. ಆದರೆ ಗೇರು ತೋಪುಗಳಿಗೆ ಟೀ ಸೊಳ್ಳೆಯ ಕಾಟ ಬಂದಾಗ 1980ರ ದಶಕದಿಂದ ಸುಮಾರು ಎರಡು ದಶಕಗಳ ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಗುಡ್ಡೆಯ ಮೇಲೆ ಬಿದ್ದ ವಿಷ ಗುಡ್ಡೆಯಲ್ಲೇ ನಿಲ್ಲಲಿಲ್ಲ. ಬಾವಿ, ಹಳ್ಳ, ಅಂಗಳಗಳಿಗೆ ಇಳಿಯಿತು. ಬೆಳ್ತಂಗಡಿಯ ಕೊಕ್ಕಡದಲ್ಲೂ ಈಗ ಕಡಬ ತಾಲ್ಲೂಕಿನಲ್ಲಿರುವ ಕೊಯಿಲದಲ್ಲೂ ಪೀಡಿತ ಮಕ್ಕಳಿಗಾಗಿ ಪಾಲನಾ ಕೇಂದ್ರಗಳನ್ನು ತೆರೆಯಬೇಕಾಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಈ ಕೀಟನಾಶಕದ ತಯಾರಿಕೆ ಮತ್ತು ಬಳಕೆಯನ್ನು ತಡೆಯಿತು. ಗುಡ್ಡೆ ಮತ್ತು ಅದರ ಕೆಳಗಿನ ಮನೆ ಬೇರೆ ಬೇರೆ ಎಂದು ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಆ ಮಕ್ಕಳ ಬದುಕೇ ಸಾಕ್ಷಿ.

ಕುಮ್ಕಿಗಳಲ್ಲೂ ಇದೇ ಬದಲಾವಣೆ ನಡೆಯಿತು. ಸೊಪ್ಪಿನ ಗುಡ್ಡೆಯಾಗಿ ಕಾಣುತ್ತಿದ್ದ ನೆಲ ಇನ್ನೂ ಬೆಳೆಯಿಡದ ಭೂಮಿಯಾಗಿ ಕಾಣತೊಡಗಿತು. ಅದನ್ನು ಸ್ವಂತ ಹೆಸರಿಗೆ ಮಾಡಿಕೊಡಬೇಕೆಂಬ ಬೇಡಿಕೆ ಒಂದೆಡೆ. ಅದನ್ನು ಭೂಹೀನರಿಗೆ ಹಂಚಬೇಕೆಂಬ ಬೇಡಿಕೆ ಇನ್ನೊಂದೆಡೆ. ಎರಡರಲ್ಲೂ ತಕ್ಕಮಟ್ಟಿನ ನ್ಯಾಯವಿದೆ. ಆದರೆ ಎರಡೂ ಚರ್ಚೆಗಳಲ್ಲಿ ಮರ, ಹಕ್ಕಿ, ನೀರುಗಳ ಪಾಲಿನ ಮಾತು ಅಪರೂಪವಾಯಿತು.

ಉಳಿದಿರುವುದು ಏನು?

ಇಷ್ಟಾದರೂ ಎಲ್ಲವೂ ಅಳಿದುಹೋಯಿತು ಎಂದು ನಿರಾಶರಾಗಬೇಕಾಗಿಲ್ಲ. ಜಗತ್ತಿನಿಂದಲೇ ಕಣ್ಮರೆಯಾಗಿದೆ ಎಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಗಿದ್ದ ಮಧುಕಾ ಇನ್‌ಸಿಗ್ನಿಸ್ ಎಂಬ ಮರ, ನಮ್ಮ ಹಿಪ್ಪೆಯ ಬಂಧು, ನೂರಕ್ಕೂ ಹೆಚ್ಚು ವರ್ಷಗಳ ನಂತರ ಕುಮಾರಧಾರೆಯ ದಂಡೆಯಲ್ಲಿ ಸಸ್ಯಶಾಸ್ತ್ರಜ್ಞರಿಗೆ ಮತ್ತೆ ಸಿಕ್ಕಿತು. ಸುಳ್ಯ ತಾಲ್ಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯದ ಬಳಿಯ ಹೊಳೆಯಲ್ಲಿ ದೇವರ ಮೀನುಗಳನ್ನು ಜನರು ಇಂದಿಗೂ ಹಿಡಿಯುವುದಿಲ್ಲ. ಊರೂರಿನ ನಾಗಬನಗಳಲ್ಲಿ ಹಳೆಯ ಕಾಡಿನ ತುಣುಕುಗಳು ಉಳಿದಿವೆ. ಕೆಲವು ಕಡೆ ಮರಗಳನ್ನು ಕಡಿದು ಬನದ ಜಾಗದಲ್ಲಿ ಕಾಂಕ್ರೀಟು ಕಟ್ಟೆ ಕಟ್ಟಿರುವುದು ಮಾತ್ರ ವಿಷಾದದ ಸಂಗತಿ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸುಬ್ರಹ್ಮಣ್ಯದ ನೆತ್ತಿಯ ಮೇಲಿರುವ ಪುಷ್ಪಗಿರಿ ವನ್ಯಧಾಮವೂ ಅದರಲ್ಲಿ ಸ್ಥಾನ ಪಡೆಯಿತು.

ಬೆಳೆಗಳ ವೈವಿಧ್ಯವೂ ಜೀವವೈವಿಧ್ಯವೇ ಎಂಬುದನ್ನು ಮರೆಯಬಾರದು. 1986ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರ, ಈಗಿನ ನಿರ್ದೇಶನಾಲಯ, ಗೇರಿನ ನೂರಾರು ತಳಿಗಳನ್ನು ತೋಟದಲ್ಲೇ ಬೆಳೆಸಿ ಕಾಪಾಡುತ್ತಿದೆ. ಕಡಬ ತಾಲ್ಲೂಕಿನ ನೆಟ್ಟಣದ ಸಮೀಪದ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹವಿದೆ.

ಇನ್ನು ಅಡಿಕೆ ತೋಟವೇ ವನ್ಯಜೀವಿಗಳಿಗೆ ಶತ್ರುವೇ? 2008ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನ ಈ ಪ್ರಶ್ನೆಗೆ ಕುತೂಹಲಕರ ಉತ್ತರ ಕೊಟ್ಟಿತು. ಉತ್ತರ ಕನ್ನಡದ ಹಳೆಯ ಅಡಿಕೆ ತೋಟಗಳಲ್ಲಿ ಹಕ್ಕಿಗಳನ್ನು ಎಣಿಸಿದಾಗ, ಅಲ್ಲಿನ ಪ್ರಭೇದಗಳ ಸಂಖ್ಯೆ ನೈಸರ್ಗಿಕ ಕಾಡಿನ ಸಂಖ್ಯೆಯ ಶೇಕಡಾ 90ರ ಹತ್ತಿರ ಇತ್ತು. ಆದರೆ ಆ ತೋಟಗಳು ಒಂಟಿಯಾಗಿರಲಿಲ್ಲ. ಅವುಗಳ ಬೆನ್ನಿಗೆ ಸೊಪ್ಪಿನ ಬೆಟ್ಟವಿತ್ತು, ಅದರಾಚೆ ಕಾಡಿತ್ತು. ಹಕ್ಕಿ ತೋಟಕ್ಕೆ ಬರಬೇಕಾದರೆ ತೋಟದ ಹಿಂದೆ ಮರಗಳ ಗುಡ್ಡೆ ಬೇಕು. ಕುಮ್ಕಿಯ ಮಹತ್ವವನ್ನು ಈ ಅಧ್ಯಯನ ಬೇರೊಂದು ದಾರಿಯಿಂದ ಎತ್ತಿ ತೋರಿಸಿತು.

ಬದಲಾದ ಮಳೆ

ಈಗ ಹವಾಮಾನದ ವಿಷಯಕ್ಕೆ ಬರೋಣ. ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅರಬ್ಬೀ ಸಮುದ್ರವೂ ಬಿಸಿಯಾಗುತ್ತಿದೆ. ಹಾಗಾಗಿ ತಿಂಗಳಿಡೀ ಹಂಚಿ ಬೀಳಬೇಕಾದ ಮಳೆ ಕೆಲವೇ ದಿನಗಳಲ್ಲಿ ಒಮ್ಮೆಲೇ ಸುರಿಯುವ ಸಂಭವ ಹೆಚ್ಚುತ್ತದೆ.

ಇಂತಹ ಮಳೆ ಬಂದಾಗ ಇಳಿಜಾರಿನ ಮೇಲೆ ಏನಿದೆ ಎಂಬುದು ಬಹಳ ಮುಖ್ಯ. ಹಲವು ಆಳದ ಬೇರುಗಳ, ದಪ್ಪ ತರಗೆಲೆಯ ಕಾಡಿದ್ದರೆ ನೀರು ನಿಧಾನವಾಗಿ ಇಳಿಯುತ್ತದೆ, ಬೇಸಗೆಗೆ ಒರತೆಯಾಗಿ ಬರುತ್ತದೆ. ಇಳಿಜಾರನ್ನು ಯಂತ್ರದಿಂದ ಕಡಿದು ಸಮತಟ್ಟು ಮಾಡಿದ್ದರೆ ನೆಲ ನೀರು ಕುಡಿದು ಭಾರವಾಗಿ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸಂಪಾಜೆಯ ನಡುವಿನ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡವರಿಗೆ ಸುಳ್ಯ ತಾಲ್ಲೂಕಿನ ಊರುಗಳು ಆಶ್ರಯ ಕೊಟ್ಟವು. ಆ ವರ್ಷ ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು, ಭಾರೀ ಮಳೆಯ ಜೊತೆಗೆ ಇಳಿಜಾರುಗಳನ್ನು ಕಡಿದುದರ ಕಡೆಗೂ ಬೊಟ್ಟು ಮಾಡಿದರು. 2022ರ ಆಗಸ್ಟ್ ಮೊದಲ ವಾರದಲ್ಲಿ ಕೊಲ್ಲಮೊಗ್ರು, ಹರಿಹರ ಪಳ್ಳತ್ತಡ್ಕ, ಸುಬ್ರಹ್ಮಣ್ಯ ಭಾಗಗಳಲ್ಲಿ ಹೊಳೆಗಳು ಉಕ್ಕಿದವು. ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಜರಿದು ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು.

ತೋಟದೊಳಗೂ ಇದರ ಪರಿಣಾಮವಿದೆ. ಅಡಿಕೆಯ ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಹುಟ್ಟಿದ ಈ ಔಷಧವನ್ನು ಕೊಳೆರೋಗಕ್ಕೆ ಅಳವಡಿಸಿದವರಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಪ್ರಮುಖರು. ಅವರ ಅಧ್ಯಯನ ಪ್ರಕಟವಾದದ್ದು 1910ರಲ್ಲಿ. ಮಳೆ ಬಿಡುವು ಕೊಟ್ಟರೆ ಮಾತ್ರ ಔಷಧ ಸಿಂಪಡಿಸಲು ಸಾಧ್ಯ. ಬಿಡುವಿಲ್ಲದ ಮಳೆಯಲ್ಲಿ ರೈತನು ಕೈಕಟ್ಟಿ ಕೂರಬೇಕಾಗುತ್ತದೆ. ಸುಳ್ಯದ ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜ ಕಡೆಯ ತೋಟಗಳು ಹಳದಿ ಎಲೆ ರೋಗದಿಂದ ದಶಕಗಳಿಂದ ಸೊರಗಿವೆ. ಒಂದೇ ಬೆಳೆಯನ್ನು ನಂಬಿದ ಊರಿಗೆ ಒಂದೇ ರೋಗ ಸಾಕು.

ಕಾಡಿನ ಅಂಚು ಹರಿದು ಹೋದಂತೆ ಮನುಷ್ಯ ಮತ್ತು ವನ್ಯಪ್ರಾಣಿ ಮುಖಾಮುಖಿಯಾಗುವ ಸಂದರ್ಭಗಳೂ ಹೆಚ್ಚುತ್ತವೆ. 2023ರ ಫೆಬ್ರವರಿ 20ರಂದು ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಬಳಿಕ ಆನೆಯನ್ನು ಹಿಡಿಯಲು ದುಬಾರೆ ಮೊದಲಾದ ಶಿಬಿರಗಳಿಂದ ಪಳಗಿದ ಆನೆಗಳನ್ನು ಕರೆತಂದರು. ಇಂತಹ ಪಳಗಿದ ಆನೆಗಳ ಹೆಸರೇನು ಗೊತ್ತೇ? ಅವುಗಳನ್ನೂ ಕುಮ್ಕಿ ಎಂದೇ ಕರೆಯುತ್ತಾರೆ. ನೆರವು ಎಂಬುದೇ ಅಲ್ಲಿಯೂ ಅರ್ಥ.

ನಕ್ಷೆ ಮತ್ತು ನಂಬಿಕೆ

ಪಶ್ಚಿಮ ಘಟ್ಟವನ್ನು ಉಳಿಸುವ ಬಗೆ ಹೇಗೆ? 2011ರಲ್ಲಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ, 2013ರಲ್ಲಿ ಕೆ. ಕಸ್ತೂರಿರಂಗನ್ ಅಧ್ಯಕ್ಷತೆಯ ಕಾರ್ಯತಂಡ ವರದಿಗಳನ್ನು ಒಪ್ಪಿಸಿದವು. 2014ರಿಂದ 2024ರವರೆಗೆ ಕೇಂದ್ರ ಸರ್ಕಾರ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಪರಿಸರ ಸೂಕ್ಷ್ಮ ಪ್ರದೇಶವಾಗಿ ಆರು ರಾಜ್ಯಗಳ ಸುಮಾರು 56,800 ಚದರ ಕಿಲೋಮೀಟರ್ ಗುರುತಿಸಲಾಗಿದ್ದು, ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಪುತ್ತೂರು, ಸುಳ್ಯ ಭಾಗದ ಗ್ರಾಮಗಳೂ ಪಟ್ಟಿಯಲ್ಲಿವೆ. ಗಣಿಗಾರಿಕೆ, ಕಲ್ಲು ಕೋರೆ, ಹೆಚ್ಚು ಮಾಲಿನ್ಯದ ಕೈಗಾರಿಕೆ, ಬೃಹತ್ ಕಟ್ಟಡಗಳನ್ನು ತಡೆಯುವುದು ಕರಡಿನ ಉದ್ದೇಶ; ಇರುವ ಕೃಷಿಯನ್ನು ನಿಲ್ಲಿಸುವ ಮಾತು ಅದರಲ್ಲಿಲ್ಲ. ಆದರೂ ಊರುಗಳಲ್ಲಿ ತೀವ್ರ ವಿರೋಧ ಎದ್ದಿತು. ಕರ್ನಾಟಕ ಸರ್ಕಾರವೂ 2024ರಲ್ಲಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಈ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಇತಿಹಾಸ ಓದಿದ ನಿಮಗೆ ಇದರ ಕಾರಣ ಹೊಳೆಯಬೇಕು. 1860ರಲ್ಲಿ ಆಜ್ಞೆಯ ಮೂಲಕ ಕುಮರಿಯನ್ನು ಕಳೆದುಕೊಂಡವರ ನೆಲ ಇದು. ಸರ್ಕಾರದ ನಕ್ಷೆಯಲ್ಲಿ ಗೆರೆ ಎಳೆದಾಗ ತನ್ನ ಕೈಯಿಂದ ಏನೋ ತಪ್ಪುತ್ತದೆ ಎಂಬ ಭಯ ಇಲ್ಲಿನ ಕೃಷಿಕನಿಗೆ ತಲೆಮಾರುಗಳಿಂದ ಬಂದಿದೆ. ಅದೇ ನೆಲದಲ್ಲಿ ಕೃಷಿಕನು ಒಪ್ಪಿಕೊಂಡಿದ್ದ ಒಂದು ಗೆರೆಯೂ ಇತ್ತು, ಅದು ನೂರು ಗಜದ ಗೆರೆ. ಅದನ್ನು ಅವನು ಒಪ್ಪಿದ್ದಕ್ಕೆ ಕಾರಣ ಸರಳ. ಆ ಗೆರೆಯೊಳಗಿನ ಮರ ಉಳಿದರೆ ಅವನ ತೋಟಕ್ಕೆ ಲಾಭವಿತ್ತು.

ಆದ್ದರಿಂದ ಈ ಮೂರು ತಾಲ್ಲೂಕುಗಳ ಇತಿಹಾಸ ನಮಗೆ ಹೇಳುವುದು ಇಷ್ಟು: ಕಾಡನ್ನು ಉಳಿಸುವ ಒಪ್ಪಂದಕ್ಕೆ ಎರಡು ಭಾಗಗಳಿರಬೇಕು. ಕೃಷಿಕನಿಗೆ ಏನು ಸಿಗುತ್ತದೆ ಎಂಬುದು ಒಂದು. ಅವನು ಏನನ್ನು ಉಳಿಸಿಕೊಡುತ್ತಾನೆ ಎಂಬುದು ಇನ್ನೊಂದು. ಕುಮ್ಕಿಯಲ್ಲಿ ಮೊದಲ ಭಾಗ ಮಾತ್ರ ಬರೆಯಲ್ಪಟ್ಟಿತ್ತು. ಈಗಿನ ಹಲವು ಸಂರಕ್ಷಣಾ ನಕ್ಷೆಗಳು ಎರಡನೆಯ ಭಾಗವನ್ನು ಮಾತ್ರ ಬರೆಯುತ್ತಿವೆ ಎಂದು ಜನರಿಗೆ ಅನಿಸುತ್ತಿದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವುದು ಮುಂದಿನ ಕೆಲಸ. ಉಳಿದಿರುವ ಕುಮ್ಕಿಯಲ್ಲಿ ಊರಿನ ಮರಗಳನ್ನೇ ಬೆಳೆಸುವ ಕೃಷಿಕನಿಗೆ ಸೊಪ್ಪು, ಪುನರ್ಪುಳಿ, ರಾಂಪತ್ರೆಗಳ ಫಲ ಭದ್ರವಾಗಿರಬೇಕು. ಕಡಿದಾದ ಇಳಿಜಾರನ್ನು ಯಂತ್ರದಿಂದ ಕಡಿಯುವುದಿಲ್ಲ ಎಂಬ ಹೊಣೆಯೂ ಅವನ ಮೇಲಿರಬೇಕು. ಭೂಹೀನನಿಗೆ ಮನೆಯ ಜಾಗ ಕೊಡುವಾಗ ಕುಸಿಯುವ ಗುಡ್ಡೆಯನ್ನು ಬಿಟ್ಟು ಭದ್ರ ನೆಲವನ್ನು ಹುಡುಕಬೇಕು.

ನೀವೇನು ಮಾಡಬಹುದು?

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ಜನತಾ ದಾಖಲಾತಿಯನ್ನು ಅದು ಸಿದ್ಧಪಡಿಸಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ ಎಂದು ವಿಚಾರಿಸಿ. ನಿಮ್ಮ ಮನೆಯ ಅಥವಾ ನೆರೆಯವರ ಹಳೆಯ ಪಹಣಿಯಲ್ಲಿ ಕುಮ್ಕಿಯ ಉಲ್ಲೇಖವಿದ್ದರೆ ಹಿರಿಯರ ಜೊತೆ ಆ ಜಾಗಕ್ಕೆ ಹೋಗಿ, ಐವತ್ತು ವರ್ಷಗಳ ಹಿಂದೆ ಅಲ್ಲಿ ಏನಿತ್ತು, ಈಗ ಏನಿದೆ ಎಂದು ಬರೆದಿಡಿ. ಮರಗಳ ಹೆಸರನ್ನು ನಿಮ್ಮ ಮನೆಮಾತಿನಲ್ಲೇ, ತುಳುವೋ ಅರೆಭಾಷೆಯೋ ಹವ್ಯಕವೋ ಬ್ಯಾರಿಯೋ ಮಲಯಾಳವೋ, ಬರೆಯಿರಿ. ಮಳೆಗಾಲ ಮುಗಿದ ಮೇಲೆ ನಿಮ್ಮ ಹಳ್ಳದಲ್ಲಿ ನೀರು ಯಾವ ತಿಂಗಳವರೆಗೆ ಹರಿಯುತ್ತದೆ ಎಂದು ವರ್ಷವರ್ಷವೂ ಗುರುತು ಹಾಕಿಕೊಳ್ಳಿ. ಕಟ್ಟ ಕಟ್ಟುವ ಪದ್ಧತಿ ನಿಮ್ಮ ಊರಿನಲ್ಲಿದ್ದರೆ ಆ ಕೆಲಸಕ್ಕೆ ಕೈಜೋಡಿಸಿ.

ನಾಳೆ ನಿಮ್ಮಲ್ಲಿ ಕೆಲವರು ಕೃಷಿಕರಾಗುತ್ತೀರಿ, ಕೆಲವರು ಕಂದಾಯ ಅಥವಾ ಅರಣ್ಯ ಇಲಾಖೆಯ ಅಧಿಕಾರಿಗಳಾಗುತ್ತೀರಿ, ಕೆಲವರು ಕಾನೂನು ರೂಪಿಸುವ ಸ್ಥಾನಕ್ಕೂ ಹೋಗಬಹುದು. ಆಗ ಒಂದು ಗುಡ್ಡೆಯ ಕಡತ ನಿಮ್ಮ ಮೇಜಿನ ಮೇಲೆ ಬರುತ್ತದೆ. ಅದರಲ್ಲಿ ಭೂಮಿಯ ವಿಸ್ತೀರ್ಣ ಇರುತ್ತದೆ, ಅರ್ಜಿದಾರರ ಹೆಸರಿರುತ್ತದೆ. ಗುಡ್ಡೆಯ ಕೆಳಗಿನ ಬಾವಿ, ತೋಟ ಮತ್ತು ಮನೆಯ ವಿವರವನ್ನೂ ಆ ಕಡತಕ್ಕೆ ಸೇರಿಸಿ ನೋಡಿದ ಮೇಲೆಯೇ ಸಹಿ ಹಾಕಿ.